ಹಳದಿಗೆ ತಿರುಗಿದ ನೀರು

ನಾರುಹುಣ್ಣು ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಒಳ್ಳೆಯದು. ನಾವು ಚಿಕ್ಕವರಿದ್ದಾಗ ಆಗಿನ ಬಳ್ಳಾರಿ ಜಿಲ್ಲೆಯ ಕೊಟ್ಟೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮೆಟ್ಟಿಲು ಬಾವಿಗೆ ಇಳಿದೇ ನೀರು ತರಬೇಕಿತ್ತು. ಹುಣ್ಣಾದ ಕಾಲೂ ಅದೇ ನೀರಿಗೆ, ಕುಡಿಯುವ ಕೊಡವೂ ಅದೇ ನೀರಿಗೆ. ವರ್ಷ ತುಂಬುವ ಹೊತ್ತಿಗೆ ಇನ್ನೊಬ್ಬರ ಮೀನಖಂಡದಿಂದ ದಾರದಂಥ ಬಿಳಿ ಹುಳು ತಲೆ ಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಾ ಒಂದಿಷ್ಟೇ ಎಳೆಯಬೇಕು. ನಡುವೆ ಹರಿಯಿತೋ, ಕಾಲು ಬಾತು ಕೀವು ತುಂಬುತ್ತಿತ್ತು. ನಮ್ಮಕ್ಕ ಒಂದು ಬೇಸಿಗೆ ಪೂರ್ತಿ ಹೊಸಿಲು ದಾಟಲಿಲ್ಲ.

1980ರ ದಶಕದಲ್ಲಿ ಸರ್ಕಾರ ಈ ರೋಗವನ್ನು ಬೇರುಸಹಿತ ಕೀಳಲು ಹೊರಟಿತು. ಮೆಟ್ಟಿಲು ಬಾವಿ ಬಿಡಿ, ಬೋರಿನ ನೀರು ಕುಡಿಯಿರಿ ಎಂದಿತು. ಬೋರ್ ಲಾರಿಗಳು ಬಂದವು, ಓಣಿಗಳಲ್ಲಿ ಕೈಪಂಪು ನಿಂತವು. ನಮ್ಮೂರಲ್ಲಿ ಮೊದಲ ನೀರು ಚಿಮ್ಮಿದ ದಿನ ಹೆಂಗಸರು ಪಂಪಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ನಾರುಹುಣ್ಣು ಇಲ್ಲವೆಂದು ಪ್ರಮಾಣಪತ್ರ ಕೊಟ್ಟಿತು. ಅದಕ್ಕಾಗಿ ದುಡಿದವರಿಗೆ ಇವತ್ತಿಗೂ ಕೈಮುಗಿಯುತ್ತೇನೆ.

ನನ್ನ ಮನಸ್ಸಿನಲ್ಲಿ ಉಳಿದುಹೋದದ್ದು ಮಾತ್ರ ಆ ಬೋರಿನ ಮುಂದಿನ ಕಥೆ.

ಆಗ ನಾನು ಕೊಟ್ಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಕೊಟ್ಟೂರು ಇನ್ನೂ ತಾಲ್ಲೂಕಾಗಿರಲಿಲ್ಲ, ಕೂಡ್ಲಿಗಿಗೆ ಸೇರಿತ್ತು. ಕೈಪಂಪು ಬಂದ ಮೇಲೆ ಹುಟ್ಟಿದ ಮಕ್ಕಳು ನಾಲ್ಕನೇ ಕ್ಲಾಸಿಗೆ ಬರುವ ಹೊತ್ತಿಗೆ ಅವರ ಹೊಸ ಹಲ್ಲುಗಳ ಮೇಲೆ ಬಿಳಿ ಮಚ್ಚೆ, ಆಮೇಲೆ ಅಡ್ಡಡ್ಡ ಕಂದು ಗೆರೆ. ಹಲ್ಲುಜ್ಜುವುದಿಲ್ಲ ಎಂದು ಮನೆಯಲ್ಲಿ ಏಟು ಬೀಳುತ್ತಿತ್ತು. ಇದ್ದಿಲು, ಇಟ್ಟಿಗೆ ಪುಡಿ, ಬೂದಿ, ಉಪ್ಪು, ಯಾವುದರಿಂದ ತಿಕ್ಕಿದರೂ ಕಲೆ ಹೋಗಲಿಲ್ಲ. ಹೆಣ್ಣುಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತರು. ಎಂಟೊಂಬತ್ತು ವರ್ಷದ ಮಗು ನಗೆ ಮುಚ್ಚಿಕೊಳ್ಳುವುದನ್ನು ದಿನಾ ನೋಡುವುದು ಮೇಷ್ಟ್ರಿಗೆ ಸಣ್ಣ ಸಂಕಟವಲ್ಲ.

ಒಂದು ಬೇಸಿಗೆಯಲ್ಲಿ ನೀರು ಪರೀಕ್ಷಿಸುವ ಪೆಟ್ಟಿಗೆ ಹಿಡಿದು ಒಬ್ಬ ತರುಣ ಎಂಜಿನಿಯರ್ ಬಂದರು. ಶಾಲೆಯ ಕಟ್ಟೆಯ ಮೇಲೆ ಎರಡು ಗಾಜಿನ ನಳಿಗೆ ಇಟ್ಟರು. ಒಂದರಲ್ಲಿ ಕೆರೆಯ ಕೆಳಗಿನ ತೆರೆದ ಬಾವಿಯ ನೀರು, ಇನ್ನೊಂದರಲ್ಲಿ ಶಾಲೆಯ ಮುಂದಿನ ಕೈಪಂಪಿನ ನೀರು. ಎರಡಕ್ಕೂ ಗುಲಾಬಿ ಬಣ್ಣದ ಔಷಧಿಯ ಹನಿ ಬಿಟ್ಟರು. ಬಾವಿಯ ನೀರು ಗುಲಾಬಿಯಾಗಿಯೇ ಉಳಿಯಿತು. ಪಂಪಿನ ನೀರು ನಮ್ಮ ಕಣ್ಣೆದುರಿಗೇ ಹಳದಿಗೆ ತಿರುಗಿತು. ಫ್ಲೋರೈಡ್ ಹೆಚ್ಚಿದ್ದರೆ ಹೀಗಾಗುತ್ತದೆ ಎಂದರು.

ನಮ್ಮ ನೆಲದಡಿ ಇರುವುದು ಗಟ್ಟಿ ಬಂಡೆ. ಅದರ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಬಂಡೆಯೊಳಗಿನ ಫ್ಲೋರೈಡ್ ಕರಗಿ ಸೇರುತ್ತದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಅದನ್ನು ಮೀರಿದ ನೀರನ್ನೇ ಕುಡಿಯುತ್ತಾ ಹೋದರೆ ಮೊದಲು ಹಲ್ಲು, ಇನ್ನೂ ಹೆಚ್ಚಾಗಿ ಬಹುಕಾಲ ಒಳಗೆ ಹೋದರೆ ಮೂಳೆ. ವಸಡಿನೊಳಗೆ ಹಲ್ಲು ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಆ ವಯಸ್ಸಿನಲ್ಲಿ ಬಿದ್ದ ಕಲೆಯನ್ನು ಆಮೇಲೆ ಎಂಥ ಶುದ್ಧ ನೀರು ಕುಡಿದರೂ ತೊಳೆಯಲಾಗದು.

ಎಂಜಿನಿಯರ್ ಹೇಳಿ ಮುಗಿಸಿದಾಗ ಕಂಕುಳಲ್ಲಿ ಕೂಸು ಇಟ್ಟುಕೊಂಡು ನಿಂತಿದ್ದ ಒಬ್ಬ ಹೆಣ್ಣುಮಗಳು ಕೇಳಿದಳು: “ಆ ಬಾವಿ ನೀರು ಕುಡಿದ್ರೆ ಹುಣ್ಣಾಗ್ತೈತೆ ಅಂತ ನೀವೇ ಬಿಡಿಸಿದ್ರಿ. ಈ ನೀರೂ ಬ್ಯಾಡ ಅಂದ್ರೆ ನಾವು ಯಾವ ನೀರು ಕುಡೀಬೇಕು ಸಾರ್?”

ಆ ಎಂಜಿನಿಯರ್ ಹುಡುಗ ತಲೆ ತಗ್ಗಿಸಿದ. ಒಳ್ಳೆಯವನು, ಸುಳ್ಳು ಭರವಸೆ ಕೊಡಲಿಲ್ಲ. ಹೋಗುವ ಮುಂಚೆ ಪಂಪಿಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿಸಿದ. ಮರುದಿನ ಬೆಳಿಗ್ಗೆ ಅದೇ ಕೆಂಪು ಗುರುತಿನ ಪಂಪಿನ ಮುಂದೆ ಕೊಡಗಳ ಸಾಲು. ನಂಬಿ ಕುಡಿಯುವ ಬೇರೆ ನೀರಿರಲಿಲ್ಲ.

ನದಿಯ ನೀರು ಪೈಪಿನಲ್ಲಿ ಬರುವ ಮಾತು ವರ್ಷಗಳ ಕಾಲ ಮಾತಾಗಿಯೇ ಇತ್ತು. ಕಡತಕ್ಕೆ ಕಾಯಲು ಬರುತ್ತದೆ, ಹಲ್ಲು ಮೂಡುವ ವಯಸ್ಸಿಗೆ ಬರುವುದಿಲ್ಲ. ಬೋರ್ ಕೊರೆಸಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಕೊರೆಸಿದ ದಿನವೇ ಆ ನೀರನ್ನು ಪರೀಕ್ಷಿಸಿ, ಇಂಥ ಪಂಪು ಮಕ್ಕಳಿಗೆ ಬೇಡ, ಇಂಥದ್ದು ಬೇಕು ಎಂದು ಹೇಳದೆ ಹೋದದ್ದು ತಪ್ಪು. ಒಂದು ತಲೆಮಾರಿನ ಮಕ್ಕಳು ಅದರ ಬೆಲೆ ತೆತ್ತರು.

ಈಗ ಊರೂರಲ್ಲಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕಗಳಿವೆ. ಕೆಟ್ಟು ನಿಂತವೂ ಇವೆ. ಜನ ಕುಡಿಯಲು ಆ ನೀರು ತರುತ್ತಾರೆ, ಅಡುಗೆಗೆ ಮಾತ್ರ ಮನೆಯ ನಲ್ಲಿಯದೇ, ಅದು ಎಷ್ಟೋ ಕಡೆ ಬೋರಿನದು. ನನ್ನನ್ನು ಕಾಡುವುದು ಇದು. ಕುದಿಸಿದರೆ ಹುಳು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಶಾಲೆಯ ಅಡುಗೆಗೂ ಇದೇ ಮಾತು. 2002ರಲ್ಲಿ ಶಾಲೆಗಳಿಗೆ ಬಿಸಿಯೂಟ ಮೊದಲು ಬಂದ ಜಿಲ್ಲೆಗಳಲ್ಲಿ ಆಗಿನ ನಮ್ಮ ಜಿಲ್ಲೆ ಬಳ್ಳಾರಿಯೂ ಒಂದು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಎರಡೂ ಮಕ್ಕಳ ಪಾಲಿನ ಪುಣ್ಯದ ಯೋಜನೆಗಳು. ಆದರೆ ಹಾಲಿನ ಪುಡಿ ಕಲಸಲು, ಅನ್ನ ಸಾರು ಬೇಯಿಸಲು ಬೇಕಾಗುವುದು ನೀರು. ಆ ನೀರು ಬೋರಿನದಾದರೆ ಕೊಟ್ಟ ಕೈಯೇ ಕಸಿದುಕೊಂಡಂತೆ.

ನಿಮ್ಮೂರ ಶಾಲೆಗೋ ಅಂಗನವಾಡಿಗೋ ಹೋದಾಗ ಅಡುಗೆಮನೆಗೆ ಒಮ್ಮೆ ಹೋಗಿ. ಸಾರು ಯಾವ ನೀರಿನಲ್ಲಿ ಕುದಿಯುತ್ತಿದೆ, ಆ ನೀರನ್ನು ಕೊನೆಗೆ ಪರೀಕ್ಷಿಸಿದ್ದು ಯಾವಾಗ ಎಂದು ಕೇಳಿ. ಉತ್ತರ ಸಿಗದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.