ಮೌನಂ ಸಮ್ಮತಿಲಕ್ಷಣಂ

ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಒಬ್ಬ ಮನುಷ್ಯ ಹೊಸದಾಗಿ ಅಕ್ಷರಾಭ್ಯಾಸಕ್ಕೆ ಕುಳಿತರೆ ನೆರೆಹೊರೆಯವರು ನಗುವುದು ಸಹಜವಷ್ಟೆ. 2025ರ ದೀಪಾವಳಿಯಲ್ಲಿ ಮೈಸೂರಿನ ಸರಸ್ವತೀಪುರದ ಒಂದು ಮನೆಯಲ್ಲಿ ನಿವೃತ್ತ ಗುಮಾಸ್ತರೊಬ್ಬರು ಹಾಗೆ ಕುಳಿತರು. ಗುರುಸ್ಥಾನದಲ್ಲಿದ್ದವಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗಳು. ಓಂ ನಾಮಕ್ಕೆ ಬದಲಾಗಿ ಆಕೆ ಬರೆಯಿಸಿದ ಮೊದಲ ಅಕ್ಷರಗಳು ‘ಎಲ್ ಎಸ್’.

ಇದಕ್ಕೆ ಕಾರಣವಿತ್ತು. ಅವರ ಮನೆಯಲ್ಲಿದ್ದ ಹಳೆಯ ಕಂಪ್ಯೂಟರು ವಿಂಡೋಸ್ 10ರ ಮೇಲೆ ನಡೆಯುತ್ತಿದ್ದಿತು. ಆ ವರ್ಷ ಅಕ್ಟೋಬರ್ 14ಕ್ಕೆ ಅದರ ತಯಾರಕರು ಅದಕ್ಕೆ ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯನ್ನು ನಿಲ್ಲಿಸಿದರು. ಹೊಸ ಆವೃತ್ತಿಯನ್ನು ಹೊರುವ ತ್ರಾಣ ಆ ಮುದಿ ಯಂತ್ರಕ್ಕಿರಲಿಲ್ಲ. ಮಗ ಹೊಸತನ್ನು ಕೊಳ್ಳೋಣವೆಂದ. ಮೊಮ್ಮಗಳು ಬೇಡವೆಂದಳು. “ಲಿನಕ್ಸ್ ಹಾಕಿಕೊಡ್ತೀನಿ ತಾತ, ದುಡ್ಡಿಲ್ಲ ಕಾಸಿಲ್ಲ, ಇನ್ನೂ ಐದು ವರ್ಷ ಓಡುತ್ತೆ” ಎಂದಳು. ದುಡ್ಡಿಲ್ಲವೆಂಬ ಮಾತು ಗುಮಾಸ್ತರಿಗೆ ಹಿಡಿಸಿತು. ಲಿನಕ್ಸಿನಲ್ಲಿಯೂ ಚಿತ್ರಗಳ ಮೇಲೆ ಮೌಸ್ ಆಡಿಸಿ ಕೆಲಸ ಮಾಡಬಹುದು. ಆದರೆ ಅವರ ಬಲಗೈಗೆ ಎರಡು ವರ್ಷದಿಂದ ನಡುಕ ಬಂದಿದ್ದಿತು. ಒಂದು ಚಿತ್ರವನ್ನು ಹಿಡಿದು ಇನ್ನೊಂದು ಕಡೆಗೆ ಎಳೆಯಹೋದರೆ ಅದು ದಾರಿಯಲ್ಲೇ ಎಲ್ಲೋ ಬಿದ್ದುಹೋಗುತ್ತಿತ್ತು. “ಇಲಿ ಹಿಡಿಯುವುದು ಗಣಪತಿಗಲ್ಲದೆ ನನ್ನಂಥವನಿಗೆ ಆಗದಮ್ಮ” ಎನ್ನುತ್ತಿದ್ದರು. ಕೀಲಿಮಣೆಯ ಮಾತು ಬೇರೆ. ಯೌವನದಲ್ಲಿ ಟೈಪ್‌ರೈಟಿಂಗ್ ಸೀನಿಯರ್ ಪರೀಕ್ಷೆ ಮುಗಿಸಿದ್ದ ಬೆರಳುಗಳು ಅಲ್ಲಿ ಕುಳಿತೊಡನೆ ನಡುಕವನ್ನು ಮರೆಯುತ್ತಿದ್ದುವು.

ಅಷ್ಟಕ್ಕೂ ಅವರಿಗೆ ಯಂತ್ರದಿಂದ ಆಗಬೇಕಾಗಿದ್ದ ಕೆಲಸ ಒಂದೇ. ಮೂರು ವರ್ಷದ ಹಿಂದೆ ತೀರಿಕೊಂಡ ಅವರ ಪತ್ನಿ ಕೃಷ್ಣರಾಜಪೇಟೆಯ ಕಡೆಯ ಹಳ್ಳಿಯವರು. ಸೋಬಾನೆ, ತೊಟ್ಟಿಲು, ಬೀಸುವ ಕಲ್ಲಿನ ಹಾಡುಗಳು ಆಕೆಯ ನಾಲಗೆಯ ತುದಿಯಲ್ಲಿದ್ದುವು. ಮೂವತ್ತನಾಲ್ಕು ಹಾಡುಗಳನ್ನು ಆಕೆಯೇ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಇನ್ನು ಏಳನ್ನು ಕಡೆಯ ತಿಂಗಳುಗಳಲ್ಲಿ ಹಾಸಿಗೆಯ ಮೇಲಿಂದಲೇ, ಕೆಮ್ಮಿನ ನಡುವೆ, ಹೇಳಿದ್ದರು; ಗುಮಾಸ್ತರು ಪಕ್ಕದಲ್ಲಿ ಕುಳಿತು ಬೆರಳಚ್ಚಿಸಿದ್ದರು. ಹೀಗೆ ನಲವತ್ತೊಂದು ಫೈಲುಗಳು, ಹಾಡಿಗೊಂದರಂತೆ, ಮನೆಗಂದಾಯ, ಪೆನ್ಷನ್, ಗ್ಯಾಸಿನ ರಸೀದಿಗಳ ನಡುವೆ ಬೆರೆತುಹೋಗಿದ್ದುವು. ಅವನ್ನು ಒಂದು ಕಡೆ ಸೇರಿಸಬೇಕೆಂಬುದು ಅವರ ಆಸೆ.

ಪಾಠ ಮೂರು ದಿನ ನಡೆಯಿತು. ‘ಎಲ್ ಎಸ್’ ಎಂದು ಹೊಡೆದರೆ ಬೀರುವಿನ ಬಾಗಿಲು ತೆರೆದಂತೆ ಒಳಗಿರುವ ಫೈಲುಗಳ ಪಟ್ಟಿ ಬರುತ್ತದೆ. ‘ಸಿ ಡಿ’ ಎಂದರೆ ಒಂದು ಖಾನೆಯಿಂದ ಮತ್ತೊಂದು ಖಾನೆಗೆ ಹೋಗುವುದು. ‘ಎಂ ಕೆ ಡಿ ಐ ಆರ್’ ಹೊಸ ಖಾನೆ ಮಾಡುತ್ತದೆ. ‘ಸಿ ಪಿ’ ನಕಲು, ‘ಎಂ ವಿ’ ವರ್ಗಾವಣೆ, ‘ಆರ್ ಎಂ’ ವಿಸರ್ಜನೆ. ‘ಕ್ಯಾಟ್’ ಬೆಕ್ಕಲ್ಲ, ಫೈಲಿನಲ್ಲಿರುವುದನ್ನು ಪರದೆಯ ಮೇಲೆ ಸುರಿಯುತ್ತದೆ. ‘ಪಿ ಡಬ್ಲ್ಯು ಡಿ’ ಎಂಬುದನ್ನು ಕೇಳಿ ಗುಮಾಸ್ತರು ಮನಸಾರ ನಕ್ಕರು. ಸರ್ಕಾರಿ ಕೆಲಸದಲ್ಲಿದ್ದವರಿಗೆ ಆ ಮೂರಕ್ಷರದ ಅರ್ಥ ರಸ್ತೆ, ಸೇತುವೆ, ಕಂಟ್ರಾಕ್ಟರು. ಇಲ್ಲಿ ಅದು ‘ಈಗ ನೀನು ನಿಂತಿರುವ ಜಾಗ ಯಾವುದು’ ಎಂದು ತಿಳಿಸುವ ಅಪ್ಪಣೆ. “ಇದನ್ನ ಆಗಾಗ ಹೊಡೀತಿರಿ ತಾತ” ಎಂದು ಹುಡುಗಿ ಎರಡು ಬಾರಿ ಹೇಳಿದಳು. ನಗುವಿನಲ್ಲಿ ಆ ಮಾತು ತೇಲಿಹೋಯಿತು.

ಹೆಸರುಗಳೇಕೆ ಇಷ್ಟು ಮೊಟಕು ಎಂದು ಅವರು ಕೇಳಿದರು. ಟೈಪಿಸ್ಟನಾದವನು ಕೇಳಬೇಕಾದ ಪ್ರಶ್ನೆಯೇ. 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯೂನಿಕ್ಸನ್ನು ಕಟ್ಟತೊಡಗಿದಾಗ ಅವರ ಮುಂದಿದ್ದದ್ದು ಪರದೆಯಲ್ಲ, ಟೆಲಿಟೈಪು. ಅದರ ಕೀಲಿಗಳನ್ನು ಬಲವಾಗಿ ಒತ್ತಬೇಕು. ಯಂತ್ರದ ಉತ್ತರ ಕಾಗದದ ಸುರುಳಿಯ ಮೇಲೆ ಸೆಕೆಂಡಿಗೆ ಹತ್ತೇ ಅಕ್ಷರದಂತೆ ಕಟಕಟ ಎಂದು ಮೂಡಬೇಕು. ಅಂಥ ಕಡೆ ಯಾರು ತಾನೆ ಉದ್ದುದ್ದ ಮಾತನಾಡಿಯಾರು? 1971ರಲ್ಲಿ ಹೊರಬಂದ ಮೊದಲ ಕೈಪಿಡಿಯಲ್ಲಿಯೇ ಎಲ್ ಎಸ್, ಸಿ ಪಿ, ಎಂ ವಿ, ಆರ್ ಎಂ ಇವೆ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಹೊರತಂದಾಗ ಟೆಲಿಟೈಪು ಮೂಲೆ ಸೇರಿ ಎಷ್ಟೋ ಕಾಲವಾಗಿತ್ತು. ಹೆಸರುಗಳು ಮಾತ್ರ ಹಾಗೆಯೇ ಉಳಿದುವು, ಸತ್ತ ಮುತ್ತಜ್ಜನ ಹೆಸರಿನಲ್ಲಿ ಖಾತೆ ಉಳಿದಂತೆ.

ಮಿತಭಾಷಿತ್ವ ಹೆಸರಿಗಷ್ಟೇ ನಿಲ್ಲಲಿಲ್ಲ. ಒಂದು ಫೈಲನ್ನು ವರ್ಗ ಮಾಡಿ ಗುಮಾಸ್ತರು ಕಾದು ಕುಳಿತರು. ಯಂತ್ರ ಆಯಿತೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಮುಂದಿನ ಅಪ್ಪಣೆಗೆ ಸುಮ್ಮನೆ ಕಣ್ಣು ಮಿಟುಕಿಸಿತು.

“ಏನೂ ಹೇಳಲಿಲ್ಲವಲ್ಲೇ?”

“ಏನೂ ಹೇಳದೇ ಇದ್ರೆ ಸರಿಯಾಯ್ತು ಅಂತ ಅರ್ಥ ತಾತ. ತಪ್ಪಾದ್ರೆ ಮಾತ್ರ ಬಾಯಿ ಬಿಡುತ್ತೆ.”

“ಮೌನಂ ಸಮ್ಮತಿಲಕ್ಷಣಂ!” ಎಂದರು ಗುಮಾಸ್ತರು. ನಲವತ್ತು ವರ್ಷ ಮೇಲಧಿಕಾರಿಗಳ ಕೈಕೆಳಗೆ ದುಡಿದವರಿಗೆ ಇದು ಹೊಸ ಪಾಠವಾಗಿರಲಿಲ್ಲ.

ಬಲಿಪಾಡ್ಯಮಿ ಕಳೆದು ಹುಡುಗಿ ಹಾಸ್ಟೆಲಿಗೆ ಹಿಂದಿರುಗಿದಳು. ಎಂಟು ದಿನದ ಮೇಲೆ ಒಂದು ರಾತ್ರಿ, ಊಟವಾದ ನಂತರ, ಗುಮಾಸ್ತರು ಒಬ್ಬರೇ ಕೆಲಸಕ್ಕೆ ಕುಳಿತರು. ‘ಸೋಬಾನೆ’ ಎಂಬ ಹೊಸ ಖಾನೆ ಮಾಡಿದರು. ಅನಂತರ ಹಾಡುಗಳಿದ್ದ ಖಾನೆಗೆ ಹೋದರು. ಒಂದನೆಯ ಹಾಡನ್ನು ‘ಸೋಬಾನೆ’ಗೆ ವರ್ಗ ಮಾಡಿದರು. ಯಂತ್ರ ಸುಮ್ಮನಿತ್ತು. ಎರಡನೆಯದನ್ನು ಮಾಡಿದರು. ಸುಮ್ಮನಿತ್ತು. ನಕ್ಷತ್ರದ ಗುರುತು ಹಾಕಿ ಎಲ್ಲವನ್ನೂ ಒಂದೇ ಏಟಿಗೆ ಸಾಗಿಸುವ ಉಪಾಯವನ್ನು ಮೊಮ್ಮಗಳು ಕಲಿಸಿದ್ದಳು. ಆದರೆ ಲೆಜರಿನಲ್ಲಿ ಬಾಬ್ತು ಬಾಬ್ತಾಗಿ ನಮೂದಿಸಿ ಅಭ್ಯಾಸವಾಗಿದ್ದ ಕೈ ಅದಕ್ಕೆ ಒಪ್ಪಲಿಲ್ಲ. ನಲವತ್ತೊಂದು ಬಾರಿ ಹೊಡೆದರು, ಒಂದಕ್ಷರವೂ ತಪ್ಪಲಿಲ್ಲ. ಕಡೆಗೆ ‘ಎಲ್ ಎಸ್’ ಎಂದರು. ಹಾಡುಗಳಿದ್ದ ಜಾಗದಲ್ಲಿ ‘ಸೋಬಾನೆ’ ಎಂಬ ಒಂದೇ ಹೆಸರು. ತೆರೆದರೆ ಅದು ಖಾನೆಯಾಗಿರಲಿಲ್ಲ, ನಲವತ್ತೊಂದನೆಯ ಹಾಡಾಗಿತ್ತು.

ನಡೆದದ್ದು ಇಷ್ಟೆ. ಖಾನೆಯನ್ನು ಮಾಡಿದ್ದು ಒಂದು ಜಾಗದಲ್ಲಿ, ಅವರು ಆಮೇಲೆ ನಿಂತಿದ್ದು ಇನ್ನೊಂದು ಜಾಗದಲ್ಲಿ. ಅವರು ನಿಂತ ಕಡೆ ‘ಸೋಬಾನೆ’ ಎಂಬ ಖಾನೆಯೇ ಇರಲಿಲ್ಲ. ಖಾನೆಯಿಲ್ಲದಿದ್ದರೆ ‘ಎಂ ವಿ’ಗೆ ವರ್ಗಾವಣೆಯೂ ನಾಮಕರಣವೂ ಒಂದೇ. ಒಂದನೆಯ ಹಾಡಿಗೆ ಅದು ‘ಸೋಬಾನೆ’ ಎಂದು ಹೆಸರಿಟ್ಟಿತು. ಎರಡನೆಯದಕ್ಕೂ ಅದೇ ಹೆಸರಿಟ್ಟು ಒಂದನೆಯದನ್ನು ಅಳಿಸಿತು. ಮೂರನೆಯದು ಬಂದು ಎರಡನೆಯದನ್ನು ತೆಗೆಯಿತು. ‘ಐ’ ಎಂಬ ಅಕ್ಷರವನ್ನು ಅಡ್ಡಗೆರೆಯೊಡನೆ ಸೇರಿಸಿದ್ದರೆ ಪ್ರತಿ ಸಲವೂ ಅಳಿಸಲೇ ಎಂದು ಕೇಳುತ್ತಿತ್ತು. ಸೇರಿಸಿರಲಿಲ್ಲ, ಆದುದರಿಂದ ಕೇಳಲಿಲ್ಲ. ಪಿ ಡಬ್ಲ್ಯು ಡಿ ಎಂದು ಒಮ್ಮೆ ಹೊಡೆದಿದ್ದರೂ ಸಾಕಾಗಿತ್ತು.

ಫೋನಿನಲ್ಲಿ ಹುಡುಗಿ ಬಹಳ ಹೊತ್ತು ಮಾತನಾಡಲಿಲ್ಲ.

“ಸುಮ್ಮನಿದ್ದರೆ ಸರಿಯಾಯಿತು ಎಂದು ಅರ್ಥ ಅಂದಿದ್ದೆಯಲ್ಲಮ್ಮ” ಎಂದರು ಗುಮಾಸ್ತರು. ಅವರ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಆದರೂ ಆಕೆಗೆ ಅಳು ಬಂತು. ಲಿನಕ್ಸ್ ಹಾಕುವ ಮುನ್ನ ಹಾಡುಗಳನ್ನು ತನ್ನ ಪೆನ್ ಡ್ರೈವಿಗೆ ನಕಲು ಮಾಡಿಕೊಂಡಿದ್ದಳು; ಹಾಸ್ಟೆಲಿನಲ್ಲಿ ಗೆಳತಿಯ ಯಂತ್ರಕ್ಕೂ ಲಿನಕ್ಸ್ ಹಾಕಲೆಂದು ಅದನ್ನು ಹಿಂದಿನ ವಾರವೇ ಅಳಿಸಿದ್ದಳು. “ಯಂತ್ರ ಆರಿಸಿಬಿಡಿ ತಾತ. ನಾನು ಬರೋವರೆಗೂ ಮುಟ್ಟಬೇಡಿ” ಎಂದಳು.

ಅಳಿಸಿದ ಫೈಲು ಕೂಡಲೆ ಸುಟ್ಟು ಬೂದಿಯಾಗುವುದಿಲ್ಲ. ಅದರ ಹೆಸರು ಪಟ್ಟಿಯಿಂದ ಹೋಗುತ್ತದೆ, ಅದಿದ್ದ ಜಾಗ ಖಾಲಿಯೆಂದು ನಮೂದಾಗುತ್ತದೆ. ಹಳೆಯ ಬಗೆಯ ತಿರುಗುವ ತಟ್ಟೆಯಲ್ಲಾದರೆ ಬೇರೆ ಏನಾದರೂ ಬಂದು ಕೂರುವವರೆಗೆ ಅಕ್ಷರಗಳು ಅಲ್ಲಿಯೇ ಬಿದ್ದಿರುತ್ತವೆ. ಅವನ್ನು ಹೆಸರಿನಿಂದ ಕರೆಯಲಾಗದು. ಒಳಗಿದ್ದ ಒಂದು ಮಾತು ಗೊತ್ತಿದ್ದರೆ ಹುಡುಕಬಹುದು. ಹುಡುಕುವ ಅಪ್ಪಣೆಯ ಹೆಸರು ‘ಗ್ರೆಪ್’. ಅದನ್ನು ಬರೆದವರೂ ಥಾಂಪ್ಸನ್ ಅವರೇ, 1973ರ ಕೈಪಿಡಿಯಲ್ಲಿ ಅದು ಇದೆ.

ಥಾಂಪ್ಸನ್ನರಿಗೂ ಕೃಷ್ಣರಾಜಪೇಟೆಯ ಹಾಡಿಗೂ ಇನ್ನೊಂದು ನಂಟಿದೆ. 1992ರ ಸೆಪ್ಟೆಂಬರಿನಲ್ಲಿ ಅವರೂ ರಾಬ್ ಪೈಕ್ ಎಂಬುವರೂ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತಿದ್ದಾಗ, ಮೇಜಿನ ಮೇಲೆ ತಟ್ಟೆಯಡಿ ಹಾಸಿದ್ದ ಕಾಗದದ ಮೇಲೆ, ಲೋಕದ ಎಲ್ಲ ಲಿಪಿಗಳನ್ನೂ ಯಂತ್ರದಲ್ಲಿ ಇಡುವ ಒಂದು ಕ್ರಮವನ್ನು ಗುರುತು ಹಾಕಿದರು. ಯುಟಿಎಫ್-8 ಎಂದು ಅದರ ಹೆಸರು. ಅದರಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ, ಪ್ರತಿಯೊಂದು ಕಾಗುಣಿತ ಚಿಹ್ನೆಗೂ, ಮೂರು ಬೈಟುಗಳ ಜಾಗ. ‘ಮಾವ’ ಎಂದರೆ ಒಂಬತ್ತು. ಗ್ರೆಪ್ಪಿಗೆ ಕನ್ನಡ ಬಾರದು, ಭಾಷೆಯೇ ಬಾರದು. ಆ ಒಂಬತ್ತು ಅದೇ ಕ್ರಮದಲ್ಲಿ ಬಿದ್ದಿವೆಯೇ ಎಂದಷ್ಟೇ ನೋಡುತ್ತದೆ.

ಶನಿವಾರ ಹುಡುಗಿ ಬಂದು ಬೇರೊಂದು ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದಳು. ನೋಟ್ ಪುಸ್ತಕದ ಮೂವತ್ತನಾಲ್ಕನ್ನು ಮತ್ತೆ ಬೆರಳಚ್ಚಿಸಿದರಾಯಿತು. ನಲವತ್ತೊಂದನೆಯದು ಉಳಿದಿದೆ. ಹುಡುಕಬೇಕಾದ್ದು ಆರು.

“ಒಂದೊಂದರಲ್ಲೂ ಒಂದು ಮಾತು ಹೇಳಿ ತಾತ. ಎಲ್ಲೆಲ್ಲೂ ಬರುವಂಥದು ಬೇಡ.”

ಗುಮಾಸ್ತರು ಕಣ್ಣು ಮುಚ್ಚಿ ಕುಳಿತರು. ಕೆಮ್ಮು ನೆನಪಾಯಿತು, ಕಷಾಯದ ಲೋಟ ನೆನಪಾಯಿತು. ಆಮೇಲೆ ದನಿ ಕೇಳಿಸಿತು. “ಸ್ವಾದರಮಾವ” ಎಂದರು.

ಎರಡು ಗಂಟೆ ಯಂತ್ರ ಗುರುಗುಟ್ಟಿತು. ಆಮೇಲೆ ಏನೂ ಹೇಳದೆ ಕಣ್ಣು ಮಿಟುಕಿಸಿತು.

“ಆಯಿತೇನೇ?”

“ಇಲ್ಲ ತಾತ. ಗ್ರೆಪ್ ಸುಮ್ಮನಿದ್ರೆ ಸಿಕ್ಕಲಿಲ್ಲ ಅಂತ.” ಸ್ವಲ್ಪ ಹೊತ್ತಾದ ಮೇಲೆ ಆಕೆಯೇ ಕೇಳಿದಳು: “ಅಜ್ಜಿ ಹಾಡಿದ್ದು ಹಾಗೆ. ನೀವು ಟೈಪ್ ಮಾಡಿದ್ದು ಹೇಗೆ?”

ಗುಮಾಸ್ತರು ತಲೆ ತಗ್ಗಿಸಿದರು. ಕಛೇರಿಯಲ್ಲಿ ಕರಡು ತಿದ್ದುವುದೇ ಅವರ ಕಸುಬಾಗಿತ್ತು. ಹೆಂಡತಿ ‘ಸ್ವಾದರಮಾವ’ ಎಂದಲ್ಲೆಲ್ಲ ಅವರು ‘ಸೋದರಮಾವ’ ಎಂದು ಮಾಡಿದ್ದರು. ‘ಮ್ಯಾಲೆ’ ಎಂದಲ್ಲಿ ‘ಮೇಲೆ’, ‘ಬಾಕಲು’ ಎಂದಲ್ಲಿ ‘ಬಾಗಿಲು’. ಮುದ್ರಣಕ್ಕೆ ಹೋದರೆ ನಾಲ್ಕು ಜನ ಓದುವಂತಿರಲಿ ಎಂದು. ತಿದ್ದಿದ್ದನ್ನು ಆಕೆಗೆ ಓದಿಯೂ ಹೇಳಿದ್ದರು.

“ಅಜ್ಜಿ ಏನಂದರು?”

“ಏನೂ ಅನ್ನಲಿಲ್ಲಮ್ಮ” ಎಂದರು ಗುಮಾಸ್ತರು.

‘ಸೋದರಮಾವ’ ಎಂದು ಹುಡುಕಿದಾಗ ಎರಡು ಹಾಡು ಸಿಕ್ಕವು. ಭಾನುವಾರ ರಾತ್ರಿಯ ಹೊತ್ತಿಗೆ ಬೇರೆ ಮಾತುಗಳಿಂದ ಇನ್ನೆರಡು. ಉಳಿದ ಎರಡರ ಜಾಗದಲ್ಲಿ ಬೇರೇನೋ ಬಂದು ಕುಳಿತಿರಬೇಕು. ಸಿಕ್ಕ ನಾಲ್ಕನ್ನೂ ಹುಡುಗಿ ಮೂರು ಕಡೆ ನಕಲು ಮಾಡಿಟ್ಟಳು. ‘ಸೋದರ’ ಎಂದಿರುವುದನ್ನೆಲ್ಲ ಒಂದೇ ಅಪ್ಪಣೆಯಲ್ಲಿ ‘ಸ್ವಾದರ’ ಮಾಡಿಬಿಡಲೇ ಎಂದು ಕೇಳಿದಳು. ಗುಮಾಸ್ತರು ಬೇಡವೆಂದು, ನೋಟ್ ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು, ತಾವೇ ಒಂದೊಂದಾಗಿ ತಿದ್ದತೊಡಗಿದರು. ಆ ಕೆಲಸಕ್ಕೆ ಒಂದು ತಿಂಗಳು ಹಿಡಿಯಿತು.

ಸಿಗದ ಎರಡರಲ್ಲಿ ಒಂದನ್ನು ಹಳ್ಳಿಯಲ್ಲಿರುವ ನಾದಿನಿ ಬಲ್ಲಳೆಂದು ತಿಳಿದು ಗುಮಾಸ್ತರು ಫೋನು ಮಾಡಿದರು. ಆಕೆ ಎರಡು ಸಾಲು ಹಾಡಿ ನಿಲ್ಲಿಸಿದಳು.

“ಇಲ್ಲಿಂದ ಮುಂದಕ್ಕೆ ಅಕ್ಕ ತಪ್ಪಾಗೇ ಹಾಡೋಳು ಭಾವ. ಸರಿಯಾದ್ದು ನಾನು ಹೇಳ್ತೀನಿ, ಬರ್ಕೊಳಿ.”

“ಬೇಡಮ್ಮ. ನಿಮ್ಮಕ್ಕ ತಪ್ಪಾಗಿ ಹೇಗೆ ಹಾಡ್ತಿದ್ದಳೋ ಹಾಗೇ ಹಾಡು.”

ಆಕೆ ನಕ್ಕು, ಗಂಟಲು ಸರಿಮಾಡಿಕೊಂಡು ಹಾಡಿದಳು. ಇನ್ನೊಂದು ಹಾಡು ಆಕೆಗೂ ಬಾರದು.