ಕಿರಿಯರ ಎಚ್ಚರಿಕೆ

ತುರುವನೂರಿನ ತರಗತಿಯಲ್ಲಿ ಒಮ್ಮೆ ನಾನು ‘ಮಳೆಗಾಲ’ವನ್ನು ಆಗಮಸಂಧಿಯೆಂದು ಹೇಳಿಬಿಟ್ಟೆನು. ಹುಡುಗನೊಬ್ಬನು ಎದ್ದುನಿಂತು, “ಗುರುಗಳೇ, ಅದು ಆದೇಶವಲ್ಲವೇ?” ಎಂದನು. ಗದರಿಸಿ ಕುಳ್ಳಿರಿಸಿದೆನು. ಅವನು ಹೇಳಿದ್ದೇ ಸರಿಯಾಗಿದ್ದಿತು.

ಮಂಗಳೂರಿನ ವಿಮಾನ ದುರಂತದ ತನಿಖೆಯ ಸಂಗತಿಯನ್ನು ತಿಳಿದಾಗ ಆ ಹುಡುಗನು ನೆನಪಾದನು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಮರಿಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ ಬದುಕುಳಿದವರು 8 ಮಂದಿ. ಇಳಿಯದೆ ಮತ್ತೆ ಮೇಲೇರಬೇಕೆಂದು ಸಹಚಾಲಕರು ಮೂರು ಬಾರಿ ಎಚ್ಚರಿಸಿದ್ದರು. ಮುಖ್ಯ ಚಾಲಕರು ಕಿವಿಗೊಡಲಿಲ್ಲ.

ಹಿರಿಯರ ತಪ್ಪನ್ನು ಕಿರಿಯರು ತಡೆದು ಹೇಳುವುದು ವಿಮಾನಯಾನದಲ್ಲಿ ಉದ್ಧಟತನವಲ್ಲ, ಕರ್ತವ್ಯ; ಅದಕ್ಕೆಂದೇ ತರಬೇತಿಯುಂಟು. ಕೇಳುವ ಕಿವಿಯಿಲ್ಲದೆಡೆ ಆ ತರಬೇತಿಯೂ ವ್ಯರ್ಥ.

ಅಂದು ನಾನು ತಪ್ಪನ್ನು ಒಪ್ಪಲಿಲ್ಲ. ಈ ಸಂಚಿಕೆಯನ್ನು ಅವನೂ ಓದಬಹುದೆಂದು ಇಂದು ಒಪ್ಪಿಕೊಳ್ಳುತ್ತಿದ್ದೇನೆ.