ಬೆನ್ನ ಹಿಂದಿನ ಕತ್ತಿ

ಕುಶಾಲನಗರವನ್ನು ಬಿಟ್ಟು ಪಶ್ಚಿಮಕ್ಕೆ ಹೊರಟ ಬಸ್ಸು ತಿರುವುಗಳನ್ನೇರತೊಡಗಿದಂತೆ ಬಯಲುಸೀಮೆಯ ಬಿಸಿಲು ಹಿಂದೆ ಸರಿಯುತ್ತದೆ. ದಾರಿಯ ಇಕ್ಕೆಲಗಳಲ್ಲಿ ಕಾಫಿಯ ಗಿಡಗಳು. ಅವುಗಳಿಗೆ ಕೊಡೆ ಹಿಡಿದ ಹೆಮ್ಮರಗಳು. ಆ ಮರಗಳನ್ನು ತಬ್ಬಿ ಮೇಲೇರಿದ ಮೆಣಸಿನ ಬಳ್ಳಿಗಳು. ಸುಮಾರು 30 ಕಿಲೋಮೀಟರು ದೂರದ ಮಡಿಕೇರಿಯನ್ನು ಮುಟ್ಟುವಷ್ಟರಲ್ಲಿ ಪ್ರವಾಸಿಗನು ಕೊಡಗಿನ ಚೆಲುವಿಗೆ ಮನಸೋತಿರುತ್ತಾನೆ.

ಆದರೆ ಈ ನೆಲವು ಮನುಷ್ಯನಿಗೆ ಸುಲಭವಾಗಿ ಒಲಿದುದಲ್ಲ. ಮುಂಗಾರು ಇಳಿದ ಕೆಲವೇ ವಾರಗಳಲ್ಲಿ ಕಾಲುದಾರಿಯನ್ನು ನುಂಗಿಬಿಡುವ ಕಾಡು ಇಲ್ಲಿಯದು. ಗದ್ದೆಗೋ ಬೆಟ್ಟಕ್ಕೋ ಹೊರಟವನಿಗೆ ಕತ್ತಿಯಿಲ್ಲದೆ ನಡೆಯದು. ಅದನ್ನು ಕೈಯಲ್ಲೇ ಹಿಡಿದು ನಡೆದರೆ ಹಳ್ಳ ದಾಟುವಾಗ ಕೊಂಬೆಯನ್ನು ಹಿಡಿಯುವುದು ಹೇಗೆ? ಹೊರೆ ಹೊರುವುದು ಹೇಗೆ? ಜಾರುವ ಮಣ್ಣಿನಲ್ಲಿ ಮುಗ್ಗರಿಸಿದರೆ ಗತಿಯೇನು? ಎರಡು ಕೈಗಳೂ ಬೇಕಾದಾಗ ಹರಿತವಾದ ಅಲಗನ್ನು ಎಲ್ಲಿಡಬೇಕು? ಕೆಲಸಗಾರನ ಈ ಪ್ರಶ್ನೆಗೆ ಕೊಡವರು ಕಂಡುಕೊಂಡ ಉತ್ತರವು ಅವರ ಉಡುಗೆಯಲ್ಲಿಯೇ ಅಡಗಿದೆ.

ಕೊಡವ ಪುರುಷನ ಕಪ್ಪು ಕುಪ್ಯವನ್ನೂ, ನಡುವಿಗೆ ಸುತ್ತಿದ ಕೆಂಪು ಚೇಲೆಯನ್ನೂ ಚಿತ್ರಗಳಲ್ಲಿ ನೋಡದವರು ಕಡಿಮೆ. ಚೇಲೆಯ ಮುಂಭಾಗದಲ್ಲಿ ಬೆಳ್ಳಿಯ ಕೆಲಸವುಳ್ಳ ಒರೆಯೊಳಗೆ ಪೀಚೆಕತ್ತಿಯು ಮೆರೆಯುತ್ತದೆ. ನೋಡುವವರ ಕಣ್ಣು ಅಲ್ಲಿಯೇ ನಿಲ್ಲುವುದು ಸಹಜ. ಆದರೆ ನಿಜವಾದ ಜಾಣ್ಮೆಯನ್ನು ಕಾಣಬೇಕಾದರೆ ಆತನ ಬೆನ್ನ ಕಡೆಗೆ ಹೋಗಬೇಕು. ಅಲ್ಲಿ ಅಗಲವಾದ, ಬಾಗಿದ ಅಲಗಿನ ಒಡಿಕತ್ತಿಯುಂಟು. ಅದಕ್ಕೆ ಒರೆಯಿಲ್ಲ. ನಡುವಿನ ಹಿಂಭಾಗದಲ್ಲಿ ಕಟ್ಟಿದ ತೋಡಂಗ್ ಎಂಬ ಹಿತ್ತಾಳೆಯ ಹಿಡಿಕೆಯು ಅದನ್ನು ಕಚ್ಚಿ ಹಿಡಿದಿರುತ್ತದೆ.

ಒಂದಕ್ಕೆ ಒರೆ, ಇನ್ನೊಂದಕ್ಕೆ ತೋಡಂಗ್. ಈ ಭೇದವನ್ನು ವಿಚಾರಿಸಿ ನೋಡಿದರೆ ಅರ್ಥವು ಹೊಳೆಯುತ್ತದೆ. ಮನುಷ್ಯನು ಬಾಗುವುದು ಮುಂದಕ್ಕೆ. ಆದುದರಿಂದ ಹೊಟ್ಟೆಯ ಬಳಿ ಇರುವ ಚೂಪಾದ ಕತ್ತಿಗೆ ಒರೆಯು ಬೇಕೇ ಬೇಕು. ಬೆನ್ನ ಹಿಂದೆ ಇರುವ ಕತ್ತಿಗೆ ತೊಡೆಯ ಮಡಿಕೆಯಾಗಲಿ, ಬೀಸುವ ತೋಳಾಗಲಿ ತಗಲುವುದಿಲ್ಲ. ಗಳಿಗೆಗೊಮ್ಮೆ ತೆಗೆದು ಕಡಿದು ಮತ್ತೆ ಇಡಬೇಕಾದ ಅಗಲದ ಅಲಗಿಗೆ ತೆರೆದ ಹಿಡಿಕೆಯೇ ಅನುಕೂಲ. ಮಳೆಯಲ್ಲಿ ನೆನೆದ ಅಲಗು ಒರೆಯೊಳಗೆ ತೇವದಿಂದ ತುಕ್ಕು ಹಿಡಿಯುವ ಭಯವೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕತ್ತಿಗೆ ಒಂದೇ ಜಾಗ. ಕಣ್ಣು ದಾರಿಯ ಮೇಲಿದ್ದರೂ ಕೈಯು ಹಿಡಿಯನ್ನು ತಾನಾಗಿ ಹುಡುಕಿಕೊಳ್ಳುತ್ತದೆ.

ಈ ಅಭ್ಯಾಸವನ್ನು ಇಂದಿಗೂ ಮದುವೆಯ ಮನೆಯಲ್ಲಿ ನೋಡಬಹುದು. ಕೊಡವರ ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡುಗಳನ್ನು ಒಡಿಕತ್ತಿಯಿಂದ ಕಡಿಯುವ ಸಂಪ್ರದಾಯವುಂಟು. ಸುತ್ತಲೂ ಜನ, ವಾದ್ಯ, ಮಕ್ಕಳ ಗಲಾಟೆ. ಕಡಿಯುವವನ ಹೆಗ್ಗಳಿಕೆಯನ್ನು ಏಟಿನ ಬಿರುಸಿನಲ್ಲಿ ಎಲ್ಲರೂ ಕಾಣುತ್ತಾರೆ. ಆದರೆ ಅಷ್ಟು ಜನರ ನಡುವೆ ಹರಿತದ ಅಲಗನ್ನು ಯಾರಿಗೂ ತಾಗದಂತೆ ಮರಳಿ ಅದರ ನೆಲೆಗೆ ಸೇರಿಸುವುದೂ ಹೆಗ್ಗಳಿಕೆಯೇ ಸರಿ.

ಕೈಲ್ ಪೊಳ್ದ್ ಹಬ್ಬದ ಹುರುಳೂ ಇದಕ್ಕೆ ಹತ್ತಿರದ್ದು. ನಾಟಿಯ ದುಡಿಮೆ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು, ಆಯುಧಗಳನ್ನು ತೊಳೆದು, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಹಿಂದೆ ಬೇಟೆಯ ಕಾಲವು ಈ ಹಬ್ಬದೊಡನೆ ಮೊದಲಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆ ನಿಂತಿತು. ಈಗ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಗಳು ನಡೆಯುತ್ತವೆ. ಪೂಜೆಯು ಮಾತ್ರ ಉಳಿದಿದೆ. ಪೂಜೆಗಾಗಿ ತೊಳೆದು ಒರೆಸುವ ಕೈಗೆ ಅಲಗಿನ ಬಿರುಕು, ಹಿಡಿಯ ಸಡಿಲ ತಿಳಿಯದೆ ಹೋಗುವುದಿಲ್ಲ.

ಹಾಗಾದರೆ ಈ ಪಾಠವು ಉಡುಗೆಯವರಿಗೆ ಮಾತ್ರವೇ? ಮಡಿಕೇರಿಯಿಂದ ವಿರಾಜಪೇಟೆಯ ಕಡೆಗೆ ಸಾಗುವ ಪ್ರವಾಸಿಗನು ತೋಟಗಳೊಳಗೆ ಕೊಂಚ ಕಣ್ಣು ಹಾಯಿಸಲಿ. ನೆರಳಿನ ಮರಗಳ ಕೊಂಬೆಯನ್ನು ಸವರುವ ಮರಗಸಿಯ ಕಾಲವಾದರೆ ಎತ್ತರದಲ್ಲಿ ಮನುಷ್ಯನೊಬ್ಬನು ಕಾಣಿಸುವನು. ಒಂದು ಹೊತ್ತಿನ ಕೂಲಿಗಾಗಿ ಆತನು ಏರುವ ಮರದಲ್ಲಿ ಕಾಲಿಗೆ ಆಧಾರವು ಅಂಗೈಯಗಲ. ಅಂಥವನು ಬರಿಯ ಅಲಗನ್ನು ಲುಂಗಿಯ ಮಡಿಕೆಗೆ ಸಿಕ್ಕಿಸಿಕೊಂಡರೆ, ಜಾರಿದಾಗ ಮರಕ್ಕಿಂತ ಮೊದಲು ಕತ್ತಿಯೇ ಹಗೆಯಾಗುತ್ತದೆ. ತೋಡಂಗ್ ಕೂಡ ಅಲ್ಲಿ ಸಾಲದು. ಅದು ನೆಲದ ಮೇಲೆ ನಡೆಯುವವನಿಗೆ ಹೇಳಿದ್ದು. ಬೆನ್ನಡಿಯಾಗಿ ಬಿದ್ದರೆ ತೆರೆದ ಅಲಗು ಉಳಿಸುವುದಿಲ್ಲ. ಮರ ಏರುವವನಿಗೆ ಮುಚ್ಚಿದ ಒರೆಯೇ ಬೇಕು. ಇಲ್ಲವೇ ತಾನು ಮೇಲೆ ಭದ್ರವಾಗಿ ನೆಲೆನಿಂತ ಮೇಲೆ ಕತ್ತಿಯನ್ನು ಹಗ್ಗದಿಂದ ಎಳೆದುಕೊಳ್ಳಬೇಕು. ಕೆಳಗೆ ಯಾರೂ ನಿಲ್ಲಬಾರದು. ಸಾಧನವು ಬೇರೆಯಾದರೂ ನೀತಿಯು ಒಂದೇ: ಕೈಯಲ್ಲಿ ಇಲ್ಲದ ಕತ್ತಿಗೂ ಗೊತ್ತಾದ ಒಂದು ನೆಲೆಯಿರಬೇಕು.

ಪಟ್ಟಣದ ಗೃಹಿಣಿಗೆ ಇದು ಹೊಸ ಮಾತಲ್ಲ. ಕೆಲಸ ತೀರಿದೊಡನೆ ಈಳಿಗೆಮಣೆಯನ್ನು ಗೋಡೆಗೆ ಒರಗಿಸಿ ಅಲಗನ್ನು ಮರೆಮಾಡುವ ತಾಯಿಗೆ ಇದೇ ವಿವೇಕವು ಯಾರೂ ಹೇಳಿಕೊಡದೆ ಬಂದಿದೆ. ಕೊಡಗಿನಲ್ಲಿ ಅದು ಹಿತ್ತಾಳೆಯಾಗಿ, ಬೆಳ್ಳಿಯಾಗಿ, ಹಬ್ಬದ ಸೊಬಗಾಗಿ ನಿಂತಿದೆ. ಮದುವೆಯ ಚಪ್ಪರದಲ್ಲಿ ಅದನ್ನು ಮೆಚ್ಚುವ ನಾವು, ಕಾಫಿಯ ಪರಿಮಳವನ್ನು ಸವಿಯುವ ಮುಂಜಾನೆಗಳಲ್ಲಿ, ನೆರಳಿನ ಮರವನ್ನೇರಿದವನ ಸೊಂಟಕ್ಕೂ ಒಂದು ಗಟ್ಟಿಯಾದ ಒರೆ ದೊರೆಯಲಿ ಎಂದು ಹಾರೈಸಿದರೆ ತಪ್ಪೇನು? ತೋಟದ ಒಡೆಯರಿಗೆ ಅದು ದೊಡ್ಡ ವೆಚ್ಚವೇನೂ ಅಲ್ಲ.